ಕೋವಿಡ್-19: ಕುಟುಂಬದೊಳಗೆ ಸೋಂಕು ಹರಡುವ ವಿಧಾನ ಮತ್ತು ಮನೆಯಲ್ಲಿ ಅನುಸರಿಸಬೇಕಾದ ಕ್ರಮಗಳು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಕೋವಿಡ್-19 ಎಂಬುದು ಸಾರ್ಸ್-ಕೋವ್-2 ಎಂಬ ಕೊರೋನಾ ವೈರಾಣುವಿನಿಂದ ಉಂಟಾಗುವ, ಮುಖ್ಯವಾಗಿ ಶ್ವಾಸಾಂಗಗಳನ್ನು ಬಾಧಿಸುವ ಸಾಂಕ್ರಾಮಿಕ ರೋಗವಾಗಿದೆ. ಭಾರತದಲ್ಲಿ ಇದರ ಮೊದಲ ಪ್ರಕರಣವು 2020ರ ಜನವರಿ 30ರಂದು ಕೇರಳದಲ್ಲಿ ದೃಢಪಟ್ಟಿತು. ಕರ್ನಾಟಕದಲ್ಲಿ ಮೊದಲ ಪ್ರಕರಣವು ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ವರದಿಯಾಯಿತು. ದೇಶದಲ್ಲಿ ಈ ರೋಗದಿಂದ ಸಂಭವಿಸಿದ ಮೊದಲ ಸಾವು ಅದೇ ತಿಂಗಳಿನಲ್ಲಿ ಕಲಬುರಗಿಯಲ್ಲಿ ದೃಢಪಟ್ಟಿತು. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳ ಎರಡನೆಯ ಅಲೆಯಲ್ಲಿ ದೇಶದಲ್ಲಿ ದಿನವೊಂದಕ್ಕೆ 4 ಲಕ್ಷಕ್ಕೂ ಹೆಚ್ಚು ಹೊಸ ಪ್ರಕರಣಗಳು ವರದಿಯಾದವು. ಆ ಸಂದರ್ಭದಲ್ಲಿ ಮನೆಯ ಎಲ್ಲ ಸದಸ್ಯರೂ ಒಟ್ಟಿಗೆ ಹಾಸಿಗೆ ಹಿಡಿದು, ಆರೈಕೆ ಮಾಡುವವರೇ ಇಲ್ಲದಂತಾದ ಕುಟುಂಬಗಳು ಹಲವಾರು.

ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗಕ್ಕೆ ಸಂಬಂಧಿಸಿದ ಜಾಗತಿಕ ತುರ್ತು ಪರಿಸ್ಥಿತಿಯು ಮುಕ್ತಾಯಗೊಂಡಿದೆ ಎಂದು 2023ರ ಮೇ 5ರಂದು ಘೋಷಿಸಿತು. ಆದಾಗ್ಯೂ ವೈರಾಣು ಇಲ್ಲವಾಗಿರುವುದಿಲ್ಲ. ಅದು ರೂಪಾಂತರ ಹೊಂದುತ್ತಾ ಜನರ ನಡುವೆ ಸಂಚರಿಸುತ್ತಲೇ ಇದ್ದು, ವಯೋವೃದ್ಧರಿಗೆ ಮತ್ತು ದೀರ್ಘಕಾಲದ ಕಾಯಿಲೆಗಳಿಂದ ಬಳಲುತ್ತಿರುವವರಿಗೆ ಇಂದಿಗೂ ಅಪಾಯಕಾರಿಯಾಗಿದೆ. ಮನೆಯ ಒಬ್ಬ ಸದಸ್ಯರಿಗೆ ತಗುಲಿದ ಸೋಂಕು ಉಳಿದವರಿಗೆ ಹೇಗೆ ತಲುಪುತ್ತದೆ ಎಂಬುದನ್ನು ತಿಳಿದಿದ್ದಲ್ಲಿ, ಹೆಚ್ಚಿನ ಖರ್ಚಿಲ್ಲದ ಕ್ರಮಗಳಿಂದ ಅದನ್ನು ಬಹುಮಟ್ಟಿಗೆ ತಡೆಯಬಹುದಾಗಿದೆ. ಈ ಪುಟದಲ್ಲಿ ಸದರಿ ಮಾಹಿತಿಯನ್ನು ನೀಡಲಾಗಿದೆ.

2. ವೈರಾಣು ಹೊರಬರುವ ಮತ್ತು ಒಳಸೇರುವ ಬಗೆ

ಸೋಂಕಿತ ವ್ಯಕ್ತಿಯು ಉಸಿರಾಡುವಾಗ, ಮಾತನಾಡುವಾಗ, ಹಾಡುವಾಗ, ಕೆಮ್ಮುವಾಗ ಮತ್ತು ಸೀನುವಾಗ ಬಾಯಿ ಹಾಗೂ ಮೂಗಿನಿಂದ ವಿವಿಧ ಗಾತ್ರದ ಹನಿಗಳು ಹೊರಬರುತ್ತವೆ. ವೈರಾಣುವು ಈ ಹನಿಗಳಲ್ಲಿರುತ್ತದೆ. ಅದು ಇತರರಿಗೆ ತಲುಪುವ ಮಾರ್ಗಗಳು ಈ ಕೆಳಕಂಡಂತಿವೆ.

ಅ) ದೊಡ್ಡ ಹನಿಗಳು: ಕೆಮ್ಮಿದಾಗ ಅಥವಾ ಸೀನಿದಾಗ ಹೊರಬೀಳುವ ದೊಡ್ಡ ಹನಿಗಳು ತಮ್ಮ ಭಾರದಿಂದ ಕೆಲವೇ ಕ್ಷಣಗಳಲ್ಲಿ, ಸಾಮಾನ್ಯವಾಗಿ 2 ಮೀಟರ್ (ಸುಮಾರು 6 ಅಡಿ) ಅಂತರದೊಳಗೆ ನೆಲಕ್ಕೆ ಬೀಳುತ್ತವೆ. ಎದುರಿಗಿರುವವರ ಕಣ್ಣು, ಮೂಗು ಅಥವಾ ಬಾಯಿಗೆ ಇವು ನೇರವಾಗಿ ತಾಗಬಹುದು.

ಆ) ಸೂಕ್ಷ್ಮ ಹನಿಗಳು: ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಹನಿಗಳು ಗಾಳಿಯಲ್ಲಿ ತೇಲುತ್ತವೆ. ನಿಶ್ಚಲವಾದ ಗಾಳಿಯಲ್ಲಿ ಸುಮಾರು 1.5 ಮೀಟರ್ ಎತ್ತರದಿಂದ ಬೀಳಲು 100 ಮೈಕ್ರಾನ್ ಗಾತ್ರದ ಹನಿಗೆ ಸುಮಾರು 5 ಸೆಕೆಂಡು ಸಾಕಾದರೆ, 5 ಮೈಕ್ರಾನ್ ಗಾತ್ರದ ಹನಿಗೆ ಸುಮಾರು 33 ನಿಮಿಷ ಮತ್ತು 1 ಮೈಕ್ರಾನ್ ಗಾತ್ರದ ಹನಿಗೆ 12 ಗಂಟೆಗೂ ಹೆಚ್ಚು ಕಾಲ ಬೇಕಾಗುತ್ತದೆ. (ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ.) ಆದುದರಿಂದ ಬಾಗಿಲು ಮತ್ತು ಕಿಟಕಿಗಳನ್ನು ಮುಚ್ಚಿದ ಕೊಠಡಿಯಲ್ಲಿ ಸೋಂಕಿತರು ಎದ್ದುಹೋದ ನಂತರವೂ ಗಾಳಿಯಲ್ಲಿ ವೈರಾಣು ಉಳಿದಿರಬಹುದು. ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯು 2021ರ ಮೇ ತಿಂಗಳಿನಲ್ಲಿ ಹೊರಡಿಸಿದ ಸಲಹೆಯಲ್ಲಿ, ಸೂಕ್ಷ್ಮ ಹನಿಗಳು 10 ಮೀಟರ್‌ವರೆಗೂ ಸಾಗಬಹುದೆಂದು ತಿಳಿಸಿ, ಮನೆಗಳಲ್ಲಿ ಗಾಳಿಯಾಟಕ್ಕೆ ಹೆಚ್ಚಿನ ಒತ್ತು ನೀಡಿತ್ತು.

ಇ) ಕೈಗಳು ಮತ್ತು ವಸ್ತುಗಳು: ಸೋಂಕಿತರ ಕೈಯಿಂದ ಬಾಗಿಲ ಚಿಲಕ, ನಲ್ಲಿ, ಮೊಬೈಲ್ ಫೋನ್, ಲೋಟ ಮುಂತಾದವುಗಳಿಗೆ, ಅಲ್ಲಿಂದ ಮತ್ತೊಬ್ಬರ ಕೈಗೆ ಮತ್ತು ಆ ಕೈಯಿಂದ ಮುಖಕ್ಕೆ ವೈರಾಣು ತಲುಪಬಹುದು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಪ್ಲಾಸ್ಟಿಕ್ ಮತ್ತು ಸ್ಟೀಲ್ ಮೇಲ್ಮೈಗಳ ಮೇಲೆ 72 ಗಂಟೆಗಳವರೆಗೆ, ರಟ್ಟಿನ ಮೇಲೆ 24 ಗಂಟೆಗಳವರೆಗೆ ವೈರಾಣು ಪತ್ತೆಯಾಗಿದೆಯಾದರೂ, ಅದರ ಪ್ರಮಾಣವು ಗಂಟೆಗಂಟೆಗೂ ಶೀಘ್ರವಾಗಿ ಇಳಿಯುತ್ತಾ ಹೋಗುತ್ತದೆ. ಉಸಿರಿನ ಗಾಳಿಗೆ ಹೋಲಿಸಿದಲ್ಲಿ ಈ ಮಾರ್ಗದ ಪಾಲು ಕಡಿಮೆ. ಆದರೆ ಒಂದೇ ಮನೆಯಲ್ಲಿ ಒಂದೇ ವಸ್ತುವನ್ನು ಪದೇ ಪದೇ ಮುಟ್ಟುವುದರಿಂದ ಇದನ್ನು ಕಡೆಗಣಿಸುವಂತಿಲ್ಲ.

3. ಮನೆಯಲ್ಲಿಯೇ ಹೆಚ್ಚಾಗಿ ಹರಡಲು ಕಾರಣಗಳು

2020ರಲ್ಲಿ ಆಂಧ್ರಪ್ರದೇಶ ಮತ್ತು ತಮಿಳುನಾಡು ರಾಜ್ಯಗಳಲ್ಲಿ ಸುಮಾರು 85 ಸಾವಿರ ಸೋಂಕಿತರ ಮತ್ತು ಅವರ 5 ಲಕ್ಷ 75 ಸಾವಿರ ಸಂಪರ್ಕಿತರ ಮಾಹಿತಿಯನ್ನು ಪರಿಶೀಲಿಸಲಾಯಿತು. ಸೋಂಕಿತರಿಂದ ಸಂಪರ್ಕಿತರಿಗೆ ಸೋಂಕು ತಗುಲುವ ಸಂಭವವು ಸಮುದಾಯದಲ್ಲಿ ಶೇ. 2.6ರಷ್ಟಿದ್ದರೆ, ಮನೆಯೊಳಗೆ ಶೇ. 9ರಷ್ಟಿತ್ತು. ಅದೇ ವರ್ಷ ಪ್ರಕಟವಾದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಮನೆಯೊಳಗಿನ ಪ್ರಮಾಣವು ಸರಾಸರಿ ಶೇ. 16.6ರಷ್ಟಿತ್ತು. ಪತಿ ಅಥವಾ ಪತ್ನಿಗೆ ತಗುಲುವ ಪ್ರಮಾಣವು ಸುಮಾರು ಶೇ. 38ರಷ್ಟಿದ್ದು, ಕುಟುಂಬದ ಇತರ ಸದಸ್ಯರಿಗೆ ತಗುಲುವ ಪ್ರಮಾಣವು ಸುಮಾರು ಶೇ. 18ರಷ್ಟಿತ್ತು. ಆನಂತರ ಬಂದ ಓಮಿಕ್ರಾನ್ ರೂಪಾಂತರಿಯಲ್ಲಿ ಮನೆಯೊಳಗೆ ಹರಡುವ ಸರಾಸರಿ ಪ್ರಮಾಣವು ಶೇ. 40ನ್ನು ಮೀರಿತು.

ಈ ಅಂಕಿಅಂಶಗಳಿಂದ ಎರಡು ವಿಷಯಗಳು ತಿಳಿದುಬರುತ್ತವೆ. ಒಂದನೆಯದಾಗಿ, ಸೋಂಕು ಹರಡಲು ಮನೆಯು ಹೊರಗಿನ ಸ್ಥಳಗಳಿಗಿಂತ ಅನುಕೂಲಕರವಾದ ಜಾಗವಾಗಿದೆ. ಎರಡನೆಯದಾಗಿ, ಮನೆಯಲ್ಲಿ ಒಬ್ಬರಿಗೆ ಬಂದ ಮಾತ್ರಕ್ಕೆ ಎಲ್ಲರಿಗೂ ಬಂದೇ ಬರುತ್ತದೆ ಎಂಬ ಭಾವನೆಯು ಸರಿಯಲ್ಲ. ಓಮಿಕ್ರಾನ್ ಕಾಲದಲ್ಲಿಯೂ ಸಂಪರ್ಕಿತರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಮನೆಯ ಸೋಂಕು ತಗುಲಿರುವುದಿಲ್ಲ. ಆದ್ದರಿಂದ ಮೊದಲ ಪ್ರಕರಣ ಪತ್ತೆಯಾದ ನಂತರವೂ ಮುಂಜಾಗ್ರತಾ ಕ್ರಮಗಳಿಂದ ಪ್ರಯೋಜನವಿದೆ.

ಮನೆಯೊಳಗೆ ಹೆಚ್ಚಾಗಿ ಹರಡಲು ಮುಖ್ಯ ಕಾರಣಗಳು:

1. ಒಂದೇ ಗಾಳಿಯನ್ನು ದೀರ್ಘಕಾಲ, ಅದರಲ್ಲಿಯೂ ರಾತ್ರಿ ಏಳೆಂಟು ಗಂಟೆಗಳ ಕಾಲ ಮುಚ್ಚಿದ ಕೊಠಡಿಯಲ್ಲಿ ಉಸಿರಾಡುವುದು.
2. ಜೊತೆಯಲ್ಲಿ ಕುಳಿತು ಊಟ ಮಾಡುವುದು, ದೂರದರ್ಶನ ನೋಡುವುದು, ಹತ್ತಿರದಿಂದ ಮಾತನಾಡುವುದು.
3. ಮನೆಯಲ್ಲಿ ಯಾರೂ ಮಾಸ್ಕ್ ಧರಿಸದಿರುವುದು.
4. ಶೌಚಾಲಯ, ಸ್ನಾನದ ಕೊಠಡಿ, ಟವೆಲ್, ಕುಡಿಯುವ ನೀರಿನ ಬಿಂದಿಗೆ ಮುಂತಾದವುಗಳನ್ನು ಎಲ್ಲರೂ ಬಳಸುವುದು.
5. ಸೋಂಕಿತರನ್ನು ಹತ್ತಿರದಿಂದಲೇ ಆರೈಕೆ ಮಾಡಬೇಕಾಗಿರುವುದು.
6. ಲಕ್ಷಣಗಳು ಕಾಣಿಸಿಕೊಳ್ಳುವ ಮೊದಲೇ ಸೋಂಕು ಹರಡಲು ಆರಂಭವಾಗುವುದು.

4. ಸೋಂಕು ಹರಡುವ ಅವಧಿ

ವೈರಾಣು ದೇಹವನ್ನು ಸೇರಿದ ದಿನದಿಂದ ಲಕ್ಷಣಗಳು ಕಾಣಿಸಿಕೊಳ್ಳುವವರೆಗಿನ ಅವಧಿಯು 2ರಿಂದ 14 ದಿನಗಳವರೆಗೆ ಇರಬಹುದು. ಆರಂಭದ ರೂಪಗಳಲ್ಲಿ ಈ ಅವಧಿಯು ಸರಾಸರಿ 5 ದಿನಗಳಷ್ಟಿದ್ದು, ಓಮಿಕ್ರಾನ್ ರೂಪಾಂತರಿಯಲ್ಲಿ 3ರಿಂದ 4 ದಿನಗಳಿಗೆ ಇಳಿಯಿತು. ಲಕ್ಷಣಗಳು ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲಿನಿಂದಲೇ ಕೆಲವರು ಸೋಂಕನ್ನು ಹರಡಬಲ್ಲರು. ಲಕ್ಷಣಗಳು ಆರಂಭವಾದ ಮೊದಲ ಕೆಲವು ದಿನಗಳಲ್ಲಿ ಹರಡುವ ಸಾಮರ್ಥ್ಯವು ಅತ್ಯಧಿಕವಾಗಿರುತ್ತದೆ.

ಬ್ರಿಟನ್ ದೇಶದಲ್ಲಿ ಸೋಂಕಿತರನ್ನು ಅವರ ಮನೆಗಳಲ್ಲಿಯೇ ಪ್ರತಿದಿನ ಪರೀಕ್ಷಿಸಿ ನಡೆಸಿದ ಅಧ್ಯಯನವೊಂದರಲ್ಲಿ, ಲಕ್ಷಣಗಳು ಆರಂಭವಾದ 5 ದಿನಗಳ ನಂತರವೂ ಸುಮಾರು ಮೂರನೇ ಎರಡರಷ್ಟು ಮಂದಿಯಲ್ಲಿ, 7 ದಿನಗಳ ನಂತರವೂ ಸುಮಾರು ನಾಲ್ಕನೇ ಒಂದರಷ್ಟು ಮಂದಿಯಲ್ಲಿ ಹರಡಬಲ್ಲ ವೈರಾಣು ಕಂಡುಬಂದಿತು. ಜ್ವರ ಬಿಟ್ಟ ಕೂಡಲೇ ಸೋಂಕು ಹೋಯಿತೆಂದು ಭಾವಿಸುವುದು ಸರಿಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಉದಾಹರಣೆ: ಅಜ್ಜಿ, ತಂದೆ, ತಾಯಿ ಮತ್ತು ಇಬ್ಬರು ಮಕ್ಕಳಿರುವ ಎರಡು ಕೊಠಡಿಗಳ ಮನೆಯಲ್ಲಿ ತಂದೆಗೆ ಸೋಮವಾರ ಗಂಟಲು ನೋವು ಮತ್ತು ಜ್ವರ ಕಾಣಿಸಿಕೊಂಡಿತೆಂದು ಭಾವಿಸಿ. ಶನಿವಾರ ಮತ್ತು ಭಾನುವಾರಗಳಂದೇ ತಾಯಿಗೆ ಸೋಂಕು ತಗುಲಿರುವ ಸಾಧ್ಯತೆಯಿದೆ. ತಾಯಿಗೆ ಬುಧವಾರ ಅಥವಾ ಗುರುವಾರ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಆದರೆ ಮಂಗಳವಾರವೇ ಆಕೆಯಿಂದ ಅಜ್ಜಿಗೆ ಸೋಂಕು ತಲುಪಬಹುದು. ತಂದೆಯನ್ನು ಮಾತ್ರ ಬೇರೆ ಕೊಠಡಿಯಲ್ಲಿರಿಸಿ, ತಾಯಿಯು ಎಂದಿನಂತೆ ಅಜ್ಜಿಯ ಪಕ್ಕದಲ್ಲಿ ಮಲಗಿದಲ್ಲಿ ಉದ್ದೇಶವು ಈಡೇರುವುದಿಲ್ಲ. ಆದ್ದರಿಂದ ಮೊದಲ ರೋಗಿಯನ್ನು ಪ್ರತ್ಯೇಕಿಸುವುದರ ಜೊತೆಗೆ, ಅತಿ ಹೆಚ್ಚು ಅಪಾಯವಿರುವ ಸದಸ್ಯರನ್ನು ಉಳಿದ ಎಲ್ಲ ಸಂಪರ್ಕಿತರಿಂದಲೂ ದೂರವಿರಿಸುವುದು ಅವಶ್ಯಕವಾಗಿರುತ್ತದೆ.

5. ಹೆಚ್ಚಿನ ಅಪಾಯವಿರುವ ಸದಸ್ಯರು

ಈ ಕೆಳಕಂಡವರಿಗೆ ರೋಗವು ತೀವ್ರಗೊಳ್ಳುವ ಸಂಭವ ಹೆಚ್ಚು:

• 60 ವರ್ಷ ಮೇಲ್ಪಟ್ಟವರು
• ಮಧುಮೇಹ, ಅಧಿಕ ರಕ್ತದೊತ್ತಡ, ಹೃದಯ, ಮೂತ್ರಪಿಂಡ, ಯಕೃತ್ತು ಅಥವಾ ಶ್ವಾಸಕೋಶದ ಕಾಯಿಲೆ ಇರುವವರು
• ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಮತ್ತು ರೋಗನಿರೋಧಕ ಶಕ್ತಿ ಕುಂದಿರುವವರು
• ಸ್ಥೂಲಕಾಯ ಉಳ್ಳವರು
• ಗರ್ಭಿಣಿಯರು

ಮನೆಯಲ್ಲಿ ಇಂತಹ ಸದಸ್ಯರಿದ್ದಲ್ಲಿ, ಯಾರಿಗಾದರೂ ಕೆಮ್ಮು, ನೆಗಡಿ ಅಥವಾ ಜ್ವರ ಕಾಣಿಸಿಕೊಂಡ ದಿನವೇ, ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯದೆ, ಕೆಳಗೆ ತಿಳಿಸಿದ ಕ್ರಮಗಳನ್ನು ಆರಂಭಿಸುವುದು ಸೂಕ್ತ. ಅದು ಸಾಮಾನ್ಯ ನೆಗಡಿಯೆಂದು ನಂತರ ತಿಳಿದುಬಂದರೂ ಯಾವುದೇ ನಷ್ಟವಿರುವುದಿಲ್ಲ.

6. ಸೋಂಕಿತರನ್ನು ಪ್ರತ್ಯೇಕವಾಗಿರಿಸುವುದು

1. ಸಾಧ್ಯವಿದ್ದಲ್ಲಿ ಸೋಂಕಿತರಿಗೆ ಹೊರಗೋಡೆಗೆ ಕಿಟಕಿಯಿರುವ ಪ್ರತ್ಯೇಕ ಕೊಠಡಿಯನ್ನು ನೀಡಬೇಕು. ಕೊಠಡಿಯಿಂದ ಮನೆಯೊಳಕ್ಕೆ ತೆರೆಯುವ ಬಾಗಿಲನ್ನು ಮುಚ್ಚಿ, ಹೊರಗಿನ ಕಿಟಕಿಯನ್ನು ತೆರೆದಿಡಬೇಕು.
2. ಊಟವನ್ನು ಬಾಗಿಲ ಬಳಿ ಇರಿಸಬೇಕು. ಸೋಂಕಿತರು ಇತರರೊಂದಿಗೆ ಕುಳಿತು ಊಟ ಮಾಡಬಾರದು. ಊಟದ ವೇಳೆಯಲ್ಲಿ ಮಾಸ್ಕ್ ತೆಗೆಯಬೇಕಾಗುವುದರಿಂದ ಮನೆಯೊಳಗೆ ಸೋಂಕು ಹರಡುವ ಪ್ರಮುಖ ಸಂದರ್ಭ ಇದಾಗಿರುತ್ತದೆ.
3. ಸೋಂಕಿತರು ಮೂರು ಪದರಗಳ ಮಾಸ್ಕ್ ಧರಿಸಬೇಕು. ಅವರ ಕೊಠಡಿಗೆ ಹೋಗುವವರು ಎನ್-95 ಮಾಸ್ಕ್ ಧರಿಸುವುದು ಸೂಕ್ತ. ಮಾಸ್ಕ್ ಮೂಗು ಮತ್ತು ಗಲ್ಲವನ್ನು ಪೂರ್ಣವಾಗಿ ಮುಚ್ಚಿರಬೇಕು. ಒದ್ದೆಯಾದ ಅಥವಾ ಕೊಳೆಯಾದ ಮಾಸ್ಕನ್ನು ಕೂಡಲೇ ಬದಲಿಸಬೇಕು.
4. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಹಾಕುವುದು ಸೂಕ್ತವಲ್ಲ. ಉಸಿರಾಟದ ತೊಂದರೆಯಿರುವವರಿಗೆ ಹಾಗೂ ತಾವಾಗಿ ಮಾಸ್ಕ್ ತೆಗೆಯಲಾರದವರಿಗೂ ಹಾಕಬಾರದು.

ಚೀನಾದ ಬೀಜಿಂಗ್ ನಗರದಲ್ಲಿ 2020ರ ಆರಂಭದಲ್ಲಿ 124 ಕುಟುಂಬಗಳ ಅಧ್ಯಯನ ನಡೆಸಲಾಯಿತು. ಮೊದಲ ರೋಗಿಗೆ ಲಕ್ಷಣಗಳು ಕಾಣಿಸಿಕೊಳ್ಳುವ ಮುನ್ನವೇ ಆ ರೋಗಿ ಹಾಗೂ ಮನೆಯವರು ಮಾಸ್ಕ್ ಧರಿಸುತ್ತಿದ್ದ ಕುಟುಂಬಗಳಲ್ಲಿ ಸೋಂಕು ಹರಡುವಿಕೆಯು ಶೇ. 79ರಷ್ಟು ಕಡಿಮೆಯಿತ್ತು. ಒಂದೇ ಮೇಜಿನಲ್ಲಿ ಊಟ ಮಾಡುವುದೂ ಸೇರಿದಂತೆ ಪ್ರತಿದಿನದ ನಿಕಟ ಸಂಪರ್ಕವಿದ್ದ ಮನೆಗಳಲ್ಲಿ ಅಪಾಯವು ಹಲವು ಪಟ್ಟು ಹೆಚ್ಚಿತ್ತು.

7. ಒಂದೇ ಕೊಠಡಿಯ ಮನೆಗಳಲ್ಲಿ ಅನುಸರಿಸಬೇಕಾದ ಕ್ರಮಗಳು

ಪ್ರತ್ಯೇಕ ಕೊಠಡಿ ಎಲ್ಲ ಕುಟುಂಬಗಳಿಗೂ ಲಭ್ಯವಿರುವುದಿಲ್ಲ. ವಠಾರದ ಮನೆಗಳು, ಶೀಟಿನ ಮನೆಗಳು, ಕೂಲಿ ಕಾರ್ಮಿಕರ ತಾತ್ಕಾಲಿಕ ವಸತಿಗಳು ಮುಂತಾದ ಕಡೆ ಈ ಕೆಳಕಂಡ ಕ್ರಮಗಳನ್ನು ಅನುಸರಿಸಬಹುದು:

• ಹೆಚ್ಚಿನ ಅಪಾಯವಿರುವ ಸದಸ್ಯರಿಗೆ ಲಕ್ಷಣಗಳಿಲ್ಲದಿದ್ದಲ್ಲಿ ಅವರನ್ನು ಮನೆಯ ಅತ್ಯಂತ ದೂರದ ಮೂಲೆಯಲ್ಲಿ, ಗಾಳಿ ಒಳಬರುವ ಬಾಗಿಲು ಅಥವಾ ಕಿಟಕಿಯ ಬಳಿ ಮಲಗಿಸುವುದು. ಸೋಂಕಿತರನ್ನು ಗಾಳಿ ಹೊರಹೋಗುವ ಬದಿಯಲ್ಲಿ ಮಲಗಿಸುವುದು.
• ಒಂದೇ ಸಾಲಿನಲ್ಲಿ ಮಲಗಬೇಕಾದಲ್ಲಿ, ಒಬ್ಬರ ತಲೆಯ ಬದಿಗೆ ಮತ್ತೊಬ್ಬರ ಕಾಲು ಬರುವಂತೆ ಮಲಗುವುದು.
• ಹಗ್ಗ ಕಟ್ಟಿ ಸೀರೆ ಅಥವಾ ಹೊದಿಕೆಯನ್ನು ಪರದೆಯಂತೆ ಇಳಿಬಿಡುವುದು. ಪರದೆಯು ದೊಡ್ಡ ಹನಿಗಳನ್ನು ತಡೆಯುತ್ತದೆ. ಆದರೆ ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳನ್ನು ತಡೆಯುವುದಿಲ್ಲವಾದ್ದರಿಂದ ಪರದೆಯ ಕಾರಣಕ್ಕೆ ಕಿಟಕಿಯನ್ನು ಮುಚ್ಚಬಾರದು.
• ಹಗಲಿನ ವೇಳೆಯಲ್ಲಿ ಮಳೆ ಮತ್ತು ಬಿಸಿಲಿನ ರಕ್ಷಣೆಯಿದ್ದಲ್ಲಿ ಜಗಲಿ, ಪಡಸಾಲೆ, ಮಹಡಿ ಅಥವಾ ಅಂಗಳದಲ್ಲಿ ಕಾಲ ಕಳೆಯುವುದು. ತೆರೆದ ಸ್ಥಳದಲ್ಲಿ ಹನಿಗಳು ಬೇಗನೆ ಚದುರಿಹೋಗುತ್ತವೆ.
• ಸರದಿಯಂತೆ ಊಟ ಮಾಡುವುದು. ಸೋಂಕಿತರು ಕೊನೆಯಲ್ಲಿ ಊಟ ಮಾಡುವುದು.
• ಸಾಧ್ಯವಿದ್ದಲ್ಲಿ, ಸೋಂಕಿತರೊಂದಿಗೆ ಸಂಪರ್ಕಕ್ಕೆ ಬಂದಿರದ ವೃದ್ಧರನ್ನು ಮಾತ್ರ ಕೆಲವು ದಿನಗಳ ಮಟ್ಟಿಗೆ ಬಂಧುಗಳ ಮನೆಯಲ್ಲಿರಿಸುವುದು. ಸಂಪರ್ಕಕ್ಕೆ ಬಂದವರನ್ನು ಕಳುಹಿಸಿದಲ್ಲಿ ಸೋಂಕು ಮತ್ತೊಂದು ಮನೆಗೆ ತಲುಪುವ ಸಂಭವವಿರುತ್ತದೆ.

8. ಗಾಳಿಯಾಟ

ಕೊಠಡಿಯ ಗಾಳಿಯು ಗಂಟೆಗೆ 2 ಬಾರಿ ಬದಲಾದಲ್ಲಿ, ಅದರಲ್ಲಿ ತೇಲುತ್ತಿರುವ ಕಣಗಳಲ್ಲಿ ಶೇ. 99ರಷ್ಟು ಹೊರಹೋಗಲು ಸುಮಾರು 138 ನಿಮಿಷಗಳು ಬೇಕು. 6 ಬಾರಿ ಬದಲಾದಲ್ಲಿ 46 ನಿಮಿಷಗಳು, 12 ಬಾರಿ ಬದಲಾದಲ್ಲಿ 23 ನಿಮಿಷಗಳು ಸಾಕು. ಆದುದರಿಂದ:

1. ಎದುರುಬದುರಾಗಿರುವ ಕಿಟಕಿ ಅಥವಾ ಬಾಗಿಲುಗಳನ್ನು ತೆರೆದಿಡಬೇಕು. ಒಂದೇ ಬದಿಯ ಕಿಟಕಿ ತೆರೆದಲ್ಲಿ ಗಾಳಿಯು ಸಾಕಷ್ಟು ಬದಲಾಗುವುದಿಲ್ಲ.
2. ಹಳೆಯ ಹೆಂಚಿನ ಮನೆಗಳ ಗವಾಕ್ಷಿ, ಮಾಳಿಗೆ ಮನೆಗಳ ಬೆಳಕಿಂಡಿ ಮತ್ತು ಗೋಡೆಯ ಜಾಲಂಧ್ರಗಳನ್ನು ಮುಚ್ಚಿದ್ದಲ್ಲಿ ತೆರೆಯಬೇಕು. ಬಿಸಿ ಗಾಳಿಯು ಮೇಲೇರಿ ಇವುಗಳ ಮೂಲಕ ಹೊರಹೋಗುತ್ತದೆ.
3. ಸೀಲಿಂಗ್ ಫ್ಯಾನ್ ಕೊಠಡಿಯೊಳಗಿನ ಗಾಳಿಯನ್ನು ಕಲಕುತ್ತದೆಯೇ ಹೊರತು ಹೊರಹಾಕುವುದಿಲ್ಲ. ಕಿಟಕಿಗಳನ್ನು ಮುಚ್ಚಿ ಫ್ಯಾನ್ ಹಾಕಬಾರದು.
4. ಟೇಬಲ್ ಫ್ಯಾನ್ ಇದ್ದಲ್ಲಿ ಅದನ್ನು ಕಿಟಕಿಯ ಬಳಿ ಹೊರಮುಖವಾಗಿ ಇರಿಸಿ ಒಳಗಿನ ಗಾಳಿಯನ್ನು ಹೊರಹಾಕಬಹುದು. ಸೋಂಕಿತರ ಕಡೆಯಿಂದ ಇತರರ ಕಡೆಗೆ ಗಾಳಿ ಬೀಸುವಂತೆ ಇರಿಸಬಾರದು.
5. ಅಡುಗೆ ಮನೆ ಮತ್ತು ಸ್ನಾನದ ಕೊಠಡಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದಲ್ಲಿ ಅದನ್ನು ಚಾಲನೆಯಲ್ಲಿಡಬೇಕು.
6. ಚಳಿ ಅಥವಾ ಮಳೆಗಾಲದಲ್ಲಿ ಕಿಟಕಿಯನ್ನು ಪೂರ್ಣ ತೆರೆಯಲು ಸಾಧ್ಯವಾಗದಿದ್ದಲ್ಲಿ ಸ್ವಲ್ಪ ಭಾಗವನ್ನಾದರೂ ತೆರೆದಿಡಬೇಕು. ಸೊಳ್ಳೆಯ ಕಾಟವಿರುವ ಕಡೆ ಕಿಟಕಿಗೆ ಜಾಲರಿ ಅಥವಾ ಹಾಸಿಗೆಗೆ ಸೊಳ್ಳೆಪರದೆ ಬಳಸಬೇಕು.

9. ಶೌಚಾಲಯ, ಬಟ್ಟೆ ಮತ್ತು ಪಾತ್ರೆಗಳು

ಒಂದೇ ಶೌಚಾಲಯವಿದ್ದಲ್ಲಿ ಸೋಂಕಿತರು ಮಾಸ್ಕ್ ಧರಿಸಿ, ಇತರರ ನಂತರ ಬಳಸುವುದು ಸೂಕ್ತ. ಬಳಕೆಯ ನಂತರ ಕಿಟಕಿಯನ್ನು ತೆರೆದು, ಸ್ವಲ್ಪ ಸಮಯದ ನಂತರವೇ ಮತ್ತೊಬ್ಬರು ಪ್ರವೇಶಿಸಬೇಕು. ನಲ್ಲಿ, ಚಿಲಕ ಮತ್ತು ಫ್ಲಷ್ ಗುಂಡಿಯನ್ನು ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ಅಥವಾ ಸೋಪಿನ ನೀರಿನಿಂದ ಒರೆಸಬೇಕು. ಬ್ಲೀಚಿಂಗ್ ಪುಡಿ ಅಥವಾ ಹೈಪೋಕ್ಲೋರೈಟನ್ನು ಆಮ್ಲಯುಕ್ತ ಶೌಚಾಲಯ ದ್ರಾವಣಗಳೊಂದಿಗೆ ಎಂದಿಗೂ ಬೆರೆಸಬಾರದು. ಬೆರೆಸಿದಲ್ಲಿ ವಿಷಕಾರಿ ಕ್ಲೋರಿನ್ ಅನಿಲವು ಹೊರಬರುತ್ತದೆ.

ಬಹುಮಹಡಿ ಕಟ್ಟಡಗಳ ನಿವಾಸಿಗಳು ನೆಲದ ನೀರು ಹೋಗುವ ಕಿಂಡಿಗಳ ಬಗ್ಗೆ ಗಮನ ಹರಿಸಬೇಕು. 2003ರಲ್ಲಿ ಹಾಂಗ್‌ಕಾಂಗ್‌ನ ಅಮಾಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ ಸಾರ್ಸ್ ರೋಗವು 300ಕ್ಕೂ ಹೆಚ್ಚು ಜನರಿಗೆ ಹರಡಿತು. ಬಳಕೆಯಿಲ್ಲದೆ ನೀರು ಒಣಗಿದ್ದ ಕೊಳವೆಯ ಬಾಗುಗಳ ಮೂಲಕ ವೈರಾಣುವುಳ್ಳ ಗಾಳಿಯು ಸ್ನಾನದ ಕೊಠಡಿಗಳನ್ನು ಪ್ರವೇಶಿಸಿದ್ದು ಇದಕ್ಕೆ ಕಾರಣವೆಂದು ತನಿಖೆಯಿಂದ ತಿಳಿದುಬಂದಿತು. ಬಳಸದಿರುವ ಕಿಂಡಿಗಳಿಗೆ ಆಗಾಗ್ಗೆ ನೀರು ಹಾಕುತ್ತಿದ್ದಲ್ಲಿ ಈ ಮಾರ್ಗವು ಮುಚ್ಚಿರುತ್ತದೆ.

ಸೋಂಕಿತರ ಬಟ್ಟೆಗಳನ್ನು ಕೊಡವದೆ, ಸೋಪಿನ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ತಟ್ಟೆ ಮತ್ತು ಲೋಟಗಳನ್ನು ಸೋಪಿನಿಂದ ತೊಳೆದಲ್ಲಿ ಸಾಕು, ಎಸೆಯುವ ಅವಶ್ಯಕತೆಯಿಲ್ಲ. ಈ ವೈರಾಣುವಿನ ಹೊರಪದರವು ಕೊಬ್ಬಿನಿಂದ ಆಗಿರುವುದರಿಂದ ಸಾಮಾನ್ಯ ಸೋಪು ಅದನ್ನು ಒಡೆದುಹಾಕುತ್ತದೆ. ಕೈಗಳನ್ನು ಕನಿಷ್ಠ 20 ಸೆಕೆಂಡುಗಳ ಕಾಲ ಉಜ್ಜಿ ತೊಳೆಯಬೇಕು.

10. ಆರೈಕೆ ಮಾಡುವವರಿಗೆ ಸೂಚನೆಗಳು

ಸೋಂಕಿತರ ಆರೈಕೆಗೆ ಒಬ್ಬರನ್ನು ಮಾತ್ರ ಗೊತ್ತುಪಡಿಸಬೇಕು. ಅವರು ಲಸಿಕೆ ಪಡೆದವರೂ ಆರೋಗ್ಯವಂತರೂ ಆಗಿರುವುದು ಒಳ್ಳೆಯದು. ಅನೇಕ ಮನೆಗಳಲ್ಲಿ ಆರೈಕೆಯ ಜೊತೆಗೆ ಅಡುಗೆ ಮತ್ತು ವೃದ್ಧರ ಉಪಚಾರವೂ ಒಬ್ಬ ಮಹಿಳೆಯ ಮೇಲೆಯೇ ಬೀಳುತ್ತದೆ. ಇದರಿಂದ ಸೋಂಕು ರೋಗಿಯಿಂದ ವೃದ್ಧರಿಗೆ ತಲುಪಲು ನೇರ ದಾರಿಯಾಗುತ್ತದೆ. ಆದ್ದರಿಂದ ರೋಗಿಯನ್ನು ನೋಡಿಕೊಳ್ಳುವವರು ಮತ್ತು ವೃದ್ಧರನ್ನು ನೋಡಿಕೊಳ್ಳುವವರು ಬೇರೆ ಬೇರೆಯಾಗಿರುವಂತೆ ಮನೆಯ ಕೆಲಸಗಳನ್ನು ಹಂಚಿಕೊಳ್ಳಬೇಕು.

ಸೋಂಕಿತ ತಾಯಂದಿರು ಎದೆಹಾಲು ನೀಡುವುದನ್ನು ನಿಲ್ಲಿಸಬಾರದು. ಕೈಗಳನ್ನು ತೊಳೆದು, ಮಾಸ್ಕ್ ಧರಿಸಿ ಹಾಲುಣಿಸಬಹುದು.

ಮನೆಯಲ್ಲಿ ಒಂದು ಪುಸ್ತಕವನ್ನಿಟ್ಟು ಪ್ರತಿ ಸದಸ್ಯರ ಹೆಸರು, ಲಕ್ಷಣ ಆರಂಭವಾದ ದಿನಾಂಕ, ಬೆಳಿಗ್ಗೆ ಮತ್ತು ಸಂಜೆಯ ಜ್ವರದ ಪ್ರಮಾಣ ಹಾಗೂ ಪಲ್ಸ್ ಆಕ್ಸಿಮೀಟರ್ ಇದ್ದಲ್ಲಿ ಆಮ್ಲಜನಕದ ಪ್ರಮಾಣವನ್ನು ಬರೆದಿಡಬೇಕು. ವೈದ್ಯರು ಮೊದಲು ಕೇಳುವ ಪ್ರಶ್ನೆಯು ಲಕ್ಷಣಗಳು ಯಾವ ದಿನ ಆರಂಭವಾದವು ಎಂಬುದೇ ಆಗಿರುತ್ತದೆ.

11. ಲಸಿಕೆ

ದೇಶದಲ್ಲಿ ಕೋವಿಡ್-19 ಲಸಿಕಾ ಕಾರ್ಯಕ್ರಮವು 2021ರ ಜನವರಿ 16ರಂದು ಆರಂಭವಾಯಿತು. ಲಸಿಕೆಯ ಮುಖ್ಯ ಪ್ರಯೋಜನವು ತೀವ್ರ ಕಾಯಿಲೆ ಮತ್ತು ಸಾವಿನಿಂದ ರಕ್ಷಣೆ ನೀಡುವುದಾಗಿದೆ. ಸೋಂಕು ಹರಡುವುದನ್ನು ಅದು ಪೂರ್ಣವಾಗಿ ತಡೆಯುವುದಿಲ್ಲ. ಡೆಲ್ಟಾ ರೂಪಾಂತರಿಯ ಕಾಲದಲ್ಲಿ ಬ್ರಿಟನ್ನಿನ ಮನೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಲಸಿಕೆ ಪಡೆದ ಸಂಪರ್ಕಿತರಲ್ಲಿ ಶೇ. 25ರಷ್ಟು ಹಾಗೂ ಪಡೆಯದವರಲ್ಲಿ ಶೇ. 38ರಷ್ಟು ಮಂದಿಗೆ ಸೋಂಕು ತಗುಲಿತ್ತು. ಲಸಿಕೆ ಪಡೆದವರೂ ಮನೆಯಲ್ಲಿ ಸೋಂಕಿತರಿದ್ದಾಗ ಮುಂಜಾಗ್ರತೆ ವಹಿಸಬೇಕೆಂಬುದು ಇದರ ಅರ್ಥ. ಹೆಚ್ಚಿನ ಅಪಾಯವಿರುವವರು ಮುಂದಿನ ಡೋಸ್ ಬಗ್ಗೆ ವೈದ್ಯರ ಸಲಹೆ ಪಡೆಯಬಹುದು.

12. ಅಪಾಯದ ಚಿಹ್ನೆಗಳು

ಈ ಕೆಳಕಂಡ ಯಾವುದೇ ಚಿಹ್ನೆ ಕಂಡುಬಂದಲ್ಲಿ ವಿಳಂಬ ಮಾಡದೆ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕು. ವಾಹನದ ಸೌಲಭ್ಯವಿಲ್ಲದಿದ್ದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬ್ಯುಲೆನ್ಸ್ ಸೇವೆಯನ್ನು ಪಡೆಯಬಹುದು.

• ಉಸಿರಾಟದ ತೊಂದರೆ, ಅಥವಾ ವಯಸ್ಕರಲ್ಲಿ ನಿಮಿಷಕ್ಕೆ 24ಕ್ಕಿಂತ ಹೆಚ್ಚು ಬಾರಿ ಉಸಿರಾಟ
• ಒಂದು ಗಂಟೆಯೊಳಗೆ ಕನಿಷ್ಠ ಮೂರು ಬಾರಿ ನೋಡಿದಾಗಲೂ ಆಮ್ಲಜನಕದ ಪ್ರಮಾಣ ಶೇ. 93 ಅಥವಾ ಅದಕ್ಕಿಂತ ಕಡಿಮೆ ಇರುವುದು
• ಎದೆಯಲ್ಲಿ ನಿರಂತರ ನೋವು ಅಥವಾ ಒತ್ತಡ
• ಗೊಂದಲ, ತೊದಲುವಿಕೆ, ಎಬ್ಬಿಸಿದರೂ ಎಚ್ಚರಗೊಳ್ಳದಿರುವುದು
• 100 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚಿನ ಜ್ವರವು ಮೂರು ದಿನಗಳಾದರೂ ಇಳಿಯದಿರುವುದು
• ಅತಿಯಾದ ನಿಶ್ಶಕ್ತಿ

ವೃದ್ಧರಲ್ಲಿ ಜ್ವರವಿಲ್ಲದೆಯೂ ರೋಗವು ತೀವ್ರಗೊಳ್ಳಬಹುದು. ಊಟ ಬಿಡುವುದು, ಮಂಪರು, ನಡೆಯುವಾಗ ತೂರಾಡುವುದು ಮುಂತಾದ ಬದಲಾವಣೆಗಳನ್ನು ವಯಸ್ಸಿನ ಸಹಜ ದೌರ್ಬಲ್ಯವೆಂದು ಬಿಡಬಾರದು.

13. ಪ್ರತ್ಯೇಕವಾಸದ ಮುಕ್ತಾಯ

ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯವು 2022ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಸೌಮ್ಯ ಲಕ್ಷಣಗಳುಳ್ಳವರಿಗೆ ಪರೀಕ್ಷೆಯಲ್ಲಿ ಸೋಂಕು ದೃಢಪಟ್ಟ ದಿನದಿಂದ ಕನಿಷ್ಠ 7 ದಿನಗಳ ಮನೆ ಪ್ರತ್ಯೇಕವಾಸವನ್ನು ನಿಗದಿಪಡಿಸಲಾಗಿತ್ತು. ಕೊನೆಯ 3 ದಿನಗಳು ಸತತವಾಗಿ ಜ್ವರವಿಲ್ಲದಿರಬೇಕೆಂಬ ಷರತ್ತೂ ಇತ್ತು. ಮರುಪರೀಕ್ಷೆಯ ಅವಶ್ಯಕತೆ ಇಲ್ಲವೆಂದೂ ತಿಳಿಸಲಾಗಿತ್ತು. ಮೇಲೆ (4ನೇ ಶೀರ್ಷಿಕೆ) ತಿಳಿಸಿದಂತೆ 7 ದಿನಗಳ ನಂತರವೂ ಕೆಲವರು ಸೋಂಕನ್ನು ಹರಡಬಲ್ಲರಾದ್ದರಿಂದ, 10 ದಿನಗಳು ತುಂಬುವವರೆಗೆ ವೃದ್ಧರ ಬಳಿ ಮಾಸ್ಕ್ ಧರಿಸುವುದು ಉತ್ತಮ.

14. ಇತರ ಶ್ವಾಸಕೋಶದ ವೈರಾಣುಗಳು

ಮೇಲ್ಕಂಡ ಕ್ರಮಗಳು ಎಚ್1ಎನ್1 ಸೇರಿದಂತೆ ಇನ್‌ಫ್ಲುಯೆಂಜಾ ಸೋಂಕುಗಳಿಗೂ ಅನ್ವಯಿಸುತ್ತವೆ. ಇನ್‌ಫ್ಲುಯೆಂಜಾ ಲಕ್ಷಣಗಳು 1ರಿಂದ 4 ದಿನಗಳಲ್ಲಿ ಕಾಣಿಸಿಕೊಳ್ಳುತ್ತವೆ. ರೋಗಿಯು ಲಕ್ಷಣಗಳಿಗೆ ಒಂದು ದಿನ ಮೊದಲಿನಿಂದ ನಂತರದ 5ರಿಂದ 7 ದಿನಗಳವರೆಗೆ ಸೋಂಕನ್ನು ಹರಡಬಹುದು. ದಡಾರವು ಇವೆಲ್ಲವುಗಳಿಗಿಂತ ವೇಗವಾಗಿ ಹರಡುವ ವೈರಾಣು ರೋಗವಾಗಿದ್ದು, ರೋಗಿಯೊಂದಿಗೆ ಒಂದೇ ಮನೆಯಲ್ಲಿರುವ, ರೋಗನಿರೋಧಕತೆ ಇಲ್ಲದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ತಗುಲಬಹುದು. ಅದಕ್ಕೆ ಮಕ್ಕಳಿಗೆ ಸಕಾಲದಲ್ಲಿ ಲಸಿಕೆ ಹಾಕಿಸುವುದೇ ಪರಿಣಾಮಕಾರಿ ಉಪಾಯ.

15. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಲ್ಲರೂ ಈಗಾಗಲೇ ಒಟ್ಟಿಗೆ ಇದ್ದೇವೆ. ಇನ್ನು ಪ್ರತ್ಯೇಕಿಸುವುದರಿಂದ ಪ್ರಯೋಜನವೇನು?
ಉತ್ತರ: ಎಲ್ಲರಿಗೂ ಸೋಂಕು ತಗುಲಿರುತ್ತದೆ ಎಂದು ಭಾವಿಸುವಂತಿಲ್ಲ. ಲಕ್ಷಣಗಳ ಮೊದಲ ದಿನಗಳಲ್ಲಿ ಹರಡುವಿಕೆ ಅತ್ಯಧಿಕವಾಗಿರುವುದರಿಂದ, ಪ್ರತ್ಯೇಕಿಸಿದ ಪ್ರತಿ ದಿನದಿಂದಲೂ ಪ್ರಯೋಜನವಿದೆ.

ಪ್ರಶ್ನೆ: ಕಷಾಯ ಕುಡಿಯುವುದರಿಂದ ಅಥವಾ ಬಿಸಿ ನೀರಿನ ಹಬೆ ತೆಗೆದುಕೊಳ್ಳುವುದರಿಂದ ಸೋಂಕು ಹರಡುವುದು ನಿಲ್ಲುತ್ತದೆಯೇ?
ಉತ್ತರ: ಇಲ್ಲ. ಬಿಸಿ ಪಾನೀಯದಿಂದ ಗಂಟಲಿಗೆ ಹಿತವೆನಿಸಬಹುದು. ಹಬೆಯಿಂದ ವೈರಾಣು ಸಾಯುವುದಿಲ್ಲ. ಕುದಿಯುವ ನೀರು ಚೆಲ್ಲಿ ಮಕ್ಕಳಿಗೆ ಸುಟ್ಟ ಗಾಯಗಳಾಗುವ ಅಪಾಯವಿದೆ.

ಪ್ರಶ್ನೆ: ತ್ವರಿತ ಆಂಟಿಜೆನ್ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದಿದೆ, ಆದರೆ ಲಕ್ಷಣಗಳಿವೆ. ಏನು ಮಾಡಬೇಕು?
ಉತ್ತರ: ಲಕ್ಷಣಗಳಿರುವವರಲ್ಲಿ ಈ ಪರೀಕ್ಷೆಯು ಸೋಂಕನ್ನು ತೋರಿಸದಿರುವ ಸಾಧ್ಯತೆಯಿದೆ. ವೈದ್ಯರ ಸಲಹೆಯಂತೆ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಪ್ರತ್ಯೇಕವಾಗಿರಬೇಕು.

ಪ್ರಶ್ನೆ: ಮಕ್ಕಳಿಂದ ಅಜ್ಜ ಅಜ್ಜಿಯರಿಗೆ ಸೋಂಕು ಹರಡುತ್ತದೆಯೇ?
ಉತ್ತರ: ಹರಡಬಹುದು. ಮಕ್ಕಳಲ್ಲಿ ಲಕ್ಷಣಗಳು ಸೌಮ್ಯವಾಗಿರುವುದರಿಂದ ಗಮನಕ್ಕೆ ಬಾರದೆ ಹೋಗುವುದುಂಟು. ಮನೆಯಲ್ಲಿ ಸೋಂಕು ಇರುವಷ್ಟು ದಿನ ಮಕ್ಕಳನ್ನು ವೃದ್ಧರ ಬಳಿ ಮಲಗಿಸಬಾರದು.

16. ಸೇವೆಗಳಿಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

1. ಮನೆಯಲ್ಲಿ ಸೋಂಕಿತರಿದ್ದಲ್ಲಿ ತುರ್ತಲ್ಲದ ಕೆಲಸಗಳಿಗಾಗಿ ಸರ್ಕಾರಿ ಕಚೇರಿಗಳಿಗೆ ಭೇಟಿ ನೀಡುವುದನ್ನು ಕೆಲವು ದಿನಗಳ ಮಟ್ಟಿಗೆ ಮುಂದೂಡುವುದು ಒಳ್ಳೆಯದು. ಅನೇಕ ಸೇವೆಗಳಿಗೆ ಸೇವಾ ಸಿಂಧು ಅಂತರ್ಜಾಲ ತಾಣದ ಮೂಲಕ ಮನೆಯಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ.
2. ಭೇಟಿ ಅನಿವಾರ್ಯವಾದಲ್ಲಿ ಲಕ್ಷಣಗಳಿಲ್ಲದ ಸದಸ್ಯರೊಬ್ಬರು ಮಾಸ್ಕ್ ಧರಿಸಿ ಬರಬೇಕು. ಸರದಿಯ ಸಾಲಿನಲ್ಲಿ ಅಂತರ ಕಾಯ್ದುಕೊಳ್ಳಬೇಕು.
3. ತಪಾಸಣೆ ಮತ್ತು ಸಲಹೆಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಗ್ರಾಮಗಳಲ್ಲಿ ಆಶಾ ಕಾರ್ಯಕರ್ತೆಯರಿಂದಲೂ ಮಾಹಿತಿ ಪಡೆಯಬಹುದು.
4. ಆಸ್ಪತ್ರೆಗೆ ತುರ್ತಾಗಿ ತೆರಳಬೇಕಾಗಬಹುದಾದ್ದರಿಂದ ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್, ಹಿಂದಿನ ಚಿಕಿತ್ಸೆಯ ಚೀಟಿಗಳು ಮತ್ತು ನಿತ್ಯ ಸೇವಿಸುವ ಔಷಧಿಗಳ ಪಟ್ಟಿಯನ್ನು ಒಂದೇ ಚೀಲದಲ್ಲಿ ಸಿದ್ಧವಾಗಿಟ್ಟುಕೊಳ್ಳಬೇಕು. ಆ ಚೀಲವಿರುವ ಜಾಗವು ಮನೆಯ ಎಲ್ಲ ಸದಸ್ಯರಿಗೂ ತಿಳಿದಿರಬೇಕು.

ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ. ರೋಗ ಲಕ್ಷಣಗಳಿರುವವರು ಸ್ವಯಂ ಚಿಕಿತ್ಸೆ ಮಾಡಿಕೊಳ್ಳದೆ ವೈದ್ಯರನ್ನು ಸಂಪರ್ಕಿಸತಕ್ಕದ್ದು.